ಎರಡು ಜೋಡಿ ಸಹೋದರರು, ಒಂದು ಗ್ರಾಹಕ: ವೈರಸ್ ಗುರುತಿಸುವ ವ್ಯವಸ್ಥೆಯಲ್ಲಿನ ಕೊರತೆಯ ಪ್ರಕರಣ ಅಧ್ಯಯನ

2020ರ ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಎರಡನೆಯ ವಾರದವರೆಗೆ ನೆದರ್ಲೆಂಡ್ಸ್‌ನ ಆಸ್ಪತ್ರೆಗಳಿಗೆ ತೀವ್ರ ಕೋವಿಡ್‌ನಿಂದ ದಾಖಲಾದವರಲ್ಲಿ ನಾಲ್ವರು ಯುವಕರ ಸ್ಥಿತಿಗೆ ವೈದ್ಯರ ಬಳಿ ವಿವರಣೆ ಇರಲಿಲ್ಲ. ಆ ದಿನಗಳಲ್ಲಿ ತೀವ್ರ ನಿಗಾ ಘಟಕ ಸೇರುತ್ತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದವರು, ಇಲ್ಲವೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಹೃದಯದ ತೊಂದರೆ ಇದ್ದವರು. ಈ ನಾಲ್ವರ ವಯಸ್ಸು 21ರಿಂದ 32ರೊಳಗಿತ್ತು, ಸರಾಸರಿ 26. ಯಾರಿಗೂ ಹೇಳಿಕೊಳ್ಳುವಂಥ ದೀರ್ಘಕಾಲದ ಕಾಯಿಲೆ ಇರಲಿಲ್ಲ. ಆದರೂ ನಾಲ್ವರಿಗೂ ಉಸಿರಾಟ ಕೈಕೊಟ್ಟು, ಸರಾಸರಿ 10 ದಿನ ವೆಂಟಿಲೇಟರ್ ನೆರವು ಬೇಕಾಯಿತು. ತೀವ್ರ ನಿಗಾ ಘಟಕದಲ್ಲಿ ಅವರು ಕಳೆದ ಅವಧಿ ಸರಾಸರಿ 13 ದಿನ. ಮೂವರು ಚೇತರಿಸಿಕೊಂಡರು, ಒಬ್ಬರು ತೀರಿಕೊಂಡರು.

ಇಷ್ಟೇ ಆಗಿದ್ದರೆ ಇದು ದುರದೃಷ್ಟದ ನಾಲ್ಕು ಪ್ರಕರಣಗಳೆಂದು ದಾಖಲಾಗಿ ಮುಗಿಯುತ್ತಿತ್ತು. ಆದರೆ ಇವರು ಎರಡು ಮನೆಗಳ ಇಬ್ಬಿಬ್ಬರು ಅಣ್ಣತಮ್ಮಂದಿರು. ಎರಡು ಕುಟುಂಬಗಳ ನಡುವೆ ರಕ್ತಸಂಬಂಧವಿರಲಿಲ್ಲ. ಆರೋಗ್ಯವಂತ ಯುವಕರೊಬ್ಬರಿಗೆ ಪ್ರಾಣಾಪಾಯದ ಕೋವಿಡ್ ಬರುವುದೇ ಅಪರೂಪವಾಗಿದ್ದಾಗ, ಒಂದೇ ಮನೆಯ ಇಬ್ಬರಿಗೆ, ಅದೂ ಎರಡು ಮನೆಗಳಲ್ಲಿ, ಹೀಗಾಗುವುದು ಕಾಕತಾಳೀಯವೆಂದು ಒಪ್ಪುವುದು ಕಷ್ಟ. ಇಬ್ಬರಿಗೂ ತಾಯಿಯಿಂದ ಬಂದ, ಗಂಡುಮಕ್ಕಳಲ್ಲಷ್ಟೇ ಪೂರ್ಣವಾಗಿ ಪ್ರಕಟವಾಗುವ ಯಾವುದೋ ದೋಷವಿರಬಹುದು ಎಂಬ ಊಹೆಯಿಂದ ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ತಳಿವಿಜ್ಞಾನಿ ಅಲೆಕ್ಸಾಂಡರ್ ಹೋಯ್ಷನ್, ರೋಗನಿರೋಧಕ ತಜ್ಞ ಫ್ರಾಂಕ್ ವಾನ್ ಡ ವೀರ್ಡೊಂಕ್ ಮತ್ತವರ ಸಹೋದ್ಯೋಗಿಗಳು ತನಿಖೆಗೆ ಇಳಿದರು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಅವರ ವರದಿ ಪ್ರಕಟವಾಯಿತು.

ತನಿಖೆಯ ವಿಧಾನ ನೇರವಾಗಿತ್ತು. ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಗೆ ಸಂಬಂಧಿಸಿದ ಭಾಗಗಳನ್ನಷ್ಟೇ ಓದುವ ಎಕ್ಸೋಮ್ ಸೀಕ್ವೆನ್ಸಿಂಗ್ ಮಾಡಿ, ಜನಸಾಮಾನ್ಯರಲ್ಲಿ ಬಲು ಅಪರೂಪವಾದ ಮತ್ತು ಸಹೋದರರಿಬ್ಬರಲ್ಲೂ ಇರುವ ಬದಲಾವಣೆಗಳನ್ನು ಹುಡುಕಲಾಯಿತು. ಎರಡೂ ಕುಟುಂಬಗಳಲ್ಲಿ ಎದ್ದು ಕಂಡದ್ದು ಒಂದೇ ಜೀನ್: ಎಕ್ಸ್ ಕ್ರೋಮೋಸೋಮ್ ಮೇಲಿರುವ ಟಿಎಲ್‌ಆರ್-7. ವೈರಸ್ಸಿನ ಆರ್‌ಎನ್‌ಎಯನ್ನು ಹಿಡಿದು ಕೋಶಕ್ಕೆ ಎಚ್ಚರಿಕೆ ಕೊಡುವ ಪ್ರೋಟೀನು, ಅಂದರೆ ಗ್ರಾಹಕ (ರಿಸೆಪ್ಟರ್), ತಯಾರಾಗುವುದು ಈ ಜೀನಿನಿಂದ. ಗಂಡಸರಲ್ಲಿ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿನ ದೋಷಕ್ಕೆ ಬದಲಿ ಪ್ರತಿ ಇರುವುದಿಲ್ಲ. ಮೊದಲ ಕುಟುಂಬದಲ್ಲಿ ಆ ಜೀನಿನ ನಾಲ್ಕು ಅಕ್ಷರಗಳು ಉದುರಿಹೋಗಿದ್ದವು. ಡಿಎನ್‌ಎಯನ್ನು ಮೂರು ಮೂರು ಅಕ್ಷರಗಳಾಗಿ ಓದುವುದರಿಂದ, ನಾಲ್ಕು ಕಳೆದರೆ ಮುಂದಿನ ಓದೆಲ್ಲ ತಪ್ಪುತ್ತದೆ. 1049 ಅಮೈನೋ ಆಮ್ಲಗಳ ಪ್ರೋಟೀನು 710ನೆಯ ಸ್ಥಾನದಿಂದ ಅರ್ಥಗೆಟ್ಟು, ಸ್ವಲ್ಪ ಮುಂದೆಯೇ ನಿಂತುಹೋಗುತ್ತದೆ. ಪ್ರೋಟೀನನ್ನು ಪೊರೆಯಲ್ಲಿ ನಾಟಿ ನಿಲ್ಲಿಸುವ ಭಾಗವಾಗಲಿ, ಒಳಗಡೆಗೆ ಸಂಕೇತ ದಾಟಿಸುವ ತುದಿಯಾಗಲಿ ಅದರಲ್ಲಿ ಇರುವುದೇ ಇಲ್ಲ. ಎರಡನೆಯ ಕುಟುಂಬದಲ್ಲಿ ಬದಲಾದದ್ದು ಒಂದೇ ಅಕ್ಷರ: 795ನೆಯ ಸ್ಥಾನದಲ್ಲಿ ಚಿಕ್ಕದಾದ ವ್ಯಾಲಿನ್ ಇರಬೇಕಾದಲ್ಲಿ ದೊಡ್ಡ ಗಾತ್ರದ ಫಿನೈಲ್‌ಅಲನಿನ್ ಬಂದು ಕೂತಿತ್ತು.

ಇಂಥ ಬದಲಾವಣೆ ಕಂಡುಬಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಪ್ರತಿಯೊಬ್ಬರ ಡಿಎನ್‌ಎಯಲ್ಲೂ ಅಪರೂಪದ ಬದಲಾವಣೆಗಳು ಸಾಕಷ್ಟು ಇರುತ್ತವೆ. ಒಂದಕ್ಷರದ ಬದಲಾವಣೆಯಂತೂ ಎಷ್ಟೋ ಬಾರಿ ನಿರಪಾಯಕಾರಿ. ಹಾಗಾಗಿ ಜೀವಂತ ಕೋಶಗಳಲ್ಲೇ ಪರೀಕ್ಷೆ ನಡೆಯಬೇಕಿತ್ತು. ರೋಗಿಗಳ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳಿಗೆ ಇಮಿಕ್ವಿಮೋಡ್ ಎಂಬ ರಾಸಾಯನಿಕವನ್ನು ಸೇರಿಸಲಾಯಿತು. ನರುಳ್ಳೆಗಳಿಗೂ ಒಂದು ಬಗೆಯ ಚರ್ಮದ ಕ್ಯಾನ್ಸರಿಗೂ ಚರ್ಮವೈದ್ಯರು ಬರೆದುಕೊಡುವ ಮುಲಾಮಿನಲ್ಲಿರುವ ಔಷಧವೇ ಅದು. ಅದು ಟಿಎಲ್‌ಆರ್-7 ಅನ್ನು ಕೆರಳಿಸಿ ಕೆಲಸ ಮಾಡುತ್ತದೆ ಎಂಬುದನ್ನು ಜಪಾನಿನ ಶಿಜುವೊ ಅಕಿರಾ ಅವರ ತಂಡ 2002ರಲ್ಲಿ ತೋರಿಸಿತ್ತು. ಆರೋಗ್ಯವಂತರ ಕಣಗಳಿಗೆ ಇದನ್ನು ಸೇರಿಸಿದಾಗ ಇಂಟರ್‌ಫೆರಾನ್ ಬೀಟಾ, ಐಆರ್‌ಎಫ್-7, ಐಎಸ್‌ಜಿ-15 ಮೊದಲಾದ ವೈರಸ್-ವಿರೋಧಿ ಜೀನ್‌ಗಳ ಚಟುವಟಿಕೆ ಮೇಲೇರುತ್ತದೆ. ಸಹೋದರರ ಕಣಗಳಲ್ಲಿ ಆ ಏರಿಕೆ ಗಣನೀಯವಾಗಿ ಕುಗ್ಗಿತ್ತು. ಗಾಮಾ ಇಂಟರ್‌ಫೆರಾನ್ ಎಂಬ ರೋಗನಿರೋಧಕ ಸಂಕೇತ ಪ್ರೋಟೀನಿನ ಉತ್ಪಾದನೆಯೂ ಕಡಿಮೆಯಾಗಿತ್ತು. ಎರಡೂ ಬದಲಾವಣೆಗಳು ಗ್ರಾಹಕವನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದವು ಎಂಬುದಕ್ಕೆ ಇದು ಪುರಾವೆ. ನನ್ನ ಮಟ್ಟಿಗೆ ಇಡೀ ವರದಿಯ ತೂಕ ನಿಂತಿರುವುದು ಈ ಪ್ರಯೋಗದ ಮೇಲೆ.

ಈ ಗ್ರಾಹಕದ ಕೆಲಸವೇನು ಎಂಬುದನ್ನು ತಿಳಿಯಲು, ಜೀವಕೋಶವೊಂದು ವೈರಸ್ಸನ್ನು ಗುರುತಿಸುವ ಬಗೆಯನ್ನು ನೋಡಬೇಕು. ಪ್ರತಿಕಾಯಗಳೂ ಟಿ-ಕೋಶಗಳೂ ಹೊಸ ವೈರಸ್ಸೊಂದರ ವಿಶಿಷ್ಟ ಗುರುತನ್ನು ಕಲಿತು ಸಜ್ಜಾಗಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕಾಯುವುದು ಸಹಜ ರೋಗನಿರೋಧಕ ವ್ಯವಸ್ಥೆಯ ಹೊಣೆ. ಅದು ಯಾವ ವೈರಸ್ ಎಂದು ಕೇಳುವುದಿಲ್ಲ. ಇಲ್ಲಿ ಇರಬಾರದ ವಸ್ತು ಇದೆಯೇ ಎಂದಷ್ಟೇ ನೋಡುತ್ತದೆ. ವೈರಸ್ಸಿನ ಮಟ್ಟಿಗೆ ಆ ವಸ್ತು ಹೆಚ್ಚಾಗಿ ಆರ್‌ಎನ್‌ಎ ಅಥವಾ ಡಿಎನ್‌ಎ. ತೊಡಕಿರುವುದು ಇಲ್ಲೇ, ಏಕೆಂದರೆ ನಮ್ಮ ಕೋಶಗಳಲ್ಲೂ ಇವೆರಡೂ ತುಂಬಿಕೊಂಡಿವೆ. ಆದ್ದರಿಂದ ಕೋಶವು ಎರಡು ಸುಳಿವುಗಳನ್ನು ಆಶ್ರಯಿಸುತ್ತದೆ: ಆ ಅಣುವಿನ ರೂಪ ಮತ್ತು ಅದು ಸಿಕ್ಕಿದ ಜಾಗ.

ಕೋಶದ್ರವದಲ್ಲಿರುವ ರಿಗ್-ಐ ಎಂಬ ಪ್ರೋಟೀನು, ತುದಿಯಲ್ಲಿ ಮೂರು ಫಾಸ್ಫೇಟುಗಳನ್ನು ಬಿಚ್ಚಿಟ್ಟುಕೊಂಡಿರುವ ಆರ್‌ಎನ್‌ಎಯನ್ನು ಹಿಡಿಯುತ್ತದೆ. ನಮ್ಮ ಸ್ವಂತ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ರಾಸಾಯನಿಕ ಟೊಪ್ಪಿ ಇರುವುದರಿಂದ ಅದು ಪಾರಾಗುತ್ತದೆ. ಎಂಡಿಎ-5 ಎಂಬ ಇನ್ನೊಂದು ಪ್ರೋಟೀನು ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸುತ್ತದೆ. ಕೋಶಕೇಂದ್ರದ ಹೊರಗೆ ಡಿಎನ್‌ಎ ಕಂಡರೆ ಸಿ-ಗ್ಯಾಸ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಇವೆಲ್ಲ ಸೋಂಕಿಗೆ ಒಳಗಾದ ಕೋಶವು ತನ್ನೊಳಗೇ ನಡೆಸುವ ತಪಾಸಣೆಗಳು.

ಟಿಎಲ್‌ಆರ್-7ರ ಸ್ಥಾನ ಬೇರೆ. ಕೋಶವು ಹೊರಗಿನಿಂದ ನುಂಗಿದ ವಸ್ತುಗಳು ಬಂದು ಸೇರುವ ಎಂಡೋಸೋಮ್ ಎಂಬ ಆಮ್ಲೀಯ ಚೀಲದ ಪೊರೆಯಲ್ಲಿ ಅದು ನೆಲೆಸಿರುತ್ತದೆ. ಅದು ತಯಾರಾಗುವುದು ಬೇರೆಡೆ. ಅಲ್ಲಿಂದ ಎಂಡೋಸೋಮಿಗೆ ಅದನ್ನು ಸಾಗಿಸಲು ಅನ್‌ಕ್-93ಬಿ-1 ಎಂಬ ಪ್ರೋಟೀನು ಬೇಕು. ಅಲ್ಲಿ ತಲುಪಿದ ಮೇಲೂ ಕಿಣ್ವಗಳು ಅದನ್ನು ಕತ್ತರಿಸಿ ಹದಗೊಳಿಸಿದ ಮೇಲಷ್ಟೇ ಅದು ಕೆಲಸಕ್ಕೆ ಸಿದ್ಧವಾಗುತ್ತದೆ. ಇಷ್ಟೆಲ್ಲ ಕಟ್ಟುಪಾಡಿಗೆ ಕಾರಣವಿದೆ. ಟಿಎಲ್‌ಆರ್-7 ಹಿಡಿಯುವುದು ಒಂಟಿ ಎಳೆಯ ಆರ್‌ಎನ್‌ಎಯನ್ನು, ಅದರಲ್ಲೂ ಆರ್‌ಎನ್‌ಎಯ ಅಕ್ಷರಗಳಲ್ಲೊಂದಾದ ಯೂರಿಡಿನ್ ಹೆಚ್ಚಿರುವ ತುಣುಕುಗಳನ್ನು ಮತ್ತು ಇನ್ನೊಂದು ಅಕ್ಷರವಾದ ಗ್ವಾನೊಸಿನ್ನನ್ನು. ಇವು ನಮ್ಮ ಆರ್‌ಎನ್‌ಎಯಲ್ಲೂ ಇರುವಂಥವೇ. ಕೋಶದ್ರವದಲ್ಲಿ ಇದ್ದಿದ್ದರೆ ಈ ಗ್ರಾಹಕ ಸದಾ ನಮ್ಮ ವಿರುದ್ಧವೇ ಕೆರಳಿರುತ್ತಿತ್ತು. ಎಂಡೋಸೋಮಿನಲ್ಲಿ ಸಾಮಾನ್ಯವಾಗಿ ನಮ್ಮ ಆರ್‌ಎನ್‌ಎ ಇರುವುದಿಲ್ಲ. ಸತ್ತ ಕೋಶಗಳಿಂದ ಹೊರಬಿದ್ದದ್ದನ್ನೂ ಕಿಣ್ವಗಳು ದಾರಿಯಲ್ಲೇ ಅರೆದುಹಾಕುತ್ತವೆ. ವೈರಸ್ಸಿನ ಆರ್‌ಎನ್‌ಎ ಮಾತ್ರ ಪ್ರೋಟೀನು ಕವಚದ ರಕ್ಷಣೆಯಲ್ಲಿ ಅಲ್ಲಿಯವರೆಗೂ ಸುರಕ್ಷಿತವಾಗಿ ಬಂದು, ಕವಚ ಒಡೆದಾಗ ಗ್ರಾಹಕದ ಕಣ್ಣಿಗೆ ಬೀಳುತ್ತದೆ.

ಇದೇ ಗುಣ ಕೋವಿಡ್ ಲಸಿಕೆಯ ಕಥೆಯಲ್ಲೂ ಮುಖ್ಯವಾದದ್ದು. ಯೂರಿಡಿನ್ ಬದಲಿಗೆ ಅದನ್ನೇ ಹೋಲುವ ಸ್ಯೂಡೊಯೂರಿಡಿನ್ ಹಾಕಿ ತಯಾರಿಸಿದ ಆರ್‌ಎನ್‌ಎಯನ್ನು ಟಿಎಲ್‌ಆರ್-7 ಮತ್ತು ಅದರ ಸೋದರ ಗ್ರಾಹಕಗಳು ಅಷ್ಟಾಗಿ ಗುರುತಿಸುವುದಿಲ್ಲ ಎಂಬುದನ್ನು ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. ಮುಂದೆ ಅದೇ ಬಗೆಯ ಮಾರ್ಪಾಡು ಎಂಆರ್‌ಎನ್‌ಎ ಲಸಿಕೆಗಳನ್ನು ಸಾಧ್ಯವಾಗಿಸಿತು. 2023ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಆರ್‌ಎನ್‌ಎ ಸಿಕ್ಕ ಕೂಡಲೇ ಟಿಎಲ್‌ಆರ್-7ರ ಒಳತುದಿಗೆ ಮೈಡಿ-88 ಎಂಬ ಪ್ರೋಟೀನು ಬಂದು ಅಂಟಿಕೊಳ್ಳುತ್ತದೆ, ಅದರ ಬೆನ್ನಿಗೆ ಐರಾಕ್-4 ಮೊದಲಾದ ಕಿಣ್ವಗಳು ಸೇರುತ್ತವೆ, ಕೊನೆಗೆ ಐಆರ್‌ಎಫ್-7 ಚುರುಕುಗೊಂಡು ಕೋಶಕೇಂದ್ರವನ್ನು ಹೊಕ್ಕು ಇಂಟರ್‌ಫೆರಾನ್ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇಂಟರ್‌ಫೆರಾನ್ ಇರುವುದನ್ನು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಲಂಡನ್ನಿನಲ್ಲಿ ಕೋಳಿಮೊಟ್ಟೆಯ ಪೊರೆ ಮತ್ತು ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಬಳಸಿ 1957ರಲ್ಲಿ ಕಂಡುಕೊಂಡಿದ್ದರು. ಅದು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಕೋಶದಿಂದ ಹೊರಬಿದ್ದು ಅಕ್ಕಪಕ್ಕದ ಕೋಶಗಳ ಮೇಲಿನ ಗ್ರಾಹಕಗಳಿಗೆ ತಗುಲಿ, ಅವುಗಳಲ್ಲಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಆ ಜೀನ್‌ಗಳಿಂದ ಬರುವ ಪ್ರೋಟೀನುಗಳಲ್ಲಿ ಕೆಲವು ವೈರಸ್ಸಿನ ಆರ್‌ಎನ್‌ಎಯನ್ನು ತುಂಡರಿಸುತ್ತವೆ, ಕೆಲವು ಪ್ರೋಟೀನು ತಯಾರಿಕೆಯನ್ನೇ ತಡೆಯುತ್ತವೆ, ಇನ್ನು ಕೆಲವು ವೈರಸ್ಸಿನ ಪ್ರವೇಶಕ್ಕೆ ಅಡ್ಡಿಯಾಗುತ್ತವೆ. ಹೀಗೆ ಸೋಂಕು ತಗಲುವ ಮುನ್ನವೇ ನೆರೆಯ ಕೋಶಗಳು ಸಜ್ಜಾಗಿರುತ್ತವೆ.

ಇಲ್ಲಿಗೆ ಪ್ರಕರಣದ ನಿಜವಾದ ಒಗಟು ಎದುರಾಗುತ್ತದೆ. ಈ ನಾಲ್ವರಲ್ಲಿ ದೋಷವಿದ್ದದ್ದು ಟಿಎಲ್‌ಆರ್-7ರಲ್ಲಿ ಮಾತ್ರ. ಶ್ವಾಸಕೋಶದ ಕೋಶಗಳಲ್ಲಿ ಕೊರೊನಾ ವೈರಸ್ಸನ್ನು ಗುರುತಿಸುವ ಮುಖ್ಯ ಗ್ರಾಹಕ ಎಂಡಿಎ-5 ಎಂದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ, ಇವರಲ್ಲಿ ಅದಕ್ಕೆ ಯಾವ ದೋಷವೂ ವರದಿಯಾಗಿಲ್ಲ. ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದೇ ಇತ್ತು. ಹಾಗಿದ್ದ ಮೇಲೆ ರಕ್ಷಣೆ ಕುಸಿದದ್ದೇಕೆ?

ಉತ್ತರದ ಒಂದು ಭಾಗ ವೈರಸ್ಸಿನ ವರ್ತನೆಯಲ್ಲಿದೆ. ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ಇರುವ, ಕೋವಿಡ್ ತರುವ ವೈರಸ್ಸಾದ ಸಾರ್ಸ್-ಕೋವ್-2, ತಾನು ಹೊಕ್ಕ ಕೋಶದಲ್ಲಿ ಜೋಡಿ ಪೊರೆಯ ಗುಳ್ಳೆಗಳನ್ನು ಕಟ್ಟಿಕೊಂಡು ಅವುಗಳ ಮರೆಯಲ್ಲಿ ಪ್ರತಿಗಳನ್ನು ತಯಾರಿಸುತ್ತದೆ, ಆದ್ದರಿಂದ ಅದರ ಜೋಡಿ ಎಳೆಯ ಆರ್‌ಎನ್‌ಎ ಎಂಡಿಎ-5ಕ್ಕೆ ಸುಲಭವಾಗಿ ಎಟಕುವುದಿಲ್ಲ. ತನ್ನ ಆರ್‌ಎನ್‌ಎಯ ತುದಿಗೆ ನಮ್ಮದರಂಥದೇ ಟೊಪ್ಪಿಯನ್ನು ತೊಡಿಸಿಕೊಳ್ಳುತ್ತದೆ. ಅದರ ಎನ್‌ಎಸ್‌ಪಿ-1 ಎಂಬ ಪ್ರೋಟೀನು ಕೋಶದ ರೈಬೋಸೋಮುಗಳಿಗೆ ಅಡ್ಡ ಕೂತು, ಇಂಟರ್‌ಫೆರಾನ್ ತಯಾರಿಸಬೇಕೆಂಬ ಸಂದೇಶ ಹೊರಟರೂ ಇಂಟರ್‌ಫೆರಾನ್ ತಯಾರಾಗದಂತೆ ಮಾಡುತ್ತದೆ. ಓಆರ್‌ಎಫ್-6 ಎಂಬ ಮತ್ತೊಂದು ಪ್ರೋಟೀನು ಕೋಶಕೇಂದ್ರದ ರಂಧ್ರಗಳಲ್ಲಿ ನಿಂತು ಸಂಕೇತವಾಹಕಗಳು ಒಳಹೋಗದಂತೆ ತಡೆಯುತ್ತದೆ. (ಇಂಥ ತಂತ್ರಗಳು ಕೊರೊನಾ ವೈರಸ್ಸಿಗಷ್ಟೇ ಸೀಮಿತವಲ್ಲ. ಇಂಟರ್‌ಫೆರಾನ್ ವರದಿಯಾದ ಅದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ ಕೂಡ ಕೋಶಗಳು ವೈರಸ್-ವಿರೋಧಿ ಸ್ಥಿತಿಗೆ ಬರುವುದನ್ನು ತಡೆಯಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.) ಒಟ್ಟಿನಲ್ಲಿ ಸೋಂಕಿತ ಕೋಶದೊಳಗಿನ ತಪಾಸಣಾ ವ್ಯವಸ್ಥೆ ದೋಷವಿಲ್ಲದೆ ಇದ್ದರೂ ವೈರಸ್ ಅದನ್ನು ಬಹುಮಟ್ಟಿಗೆ ನಿಷ್ಫಲಗೊಳಿಸುತ್ತದೆ.

ಉತ್ತರದ ಇನ್ನೊಂದು ಭಾಗ ಪ್ಲಾಸ್ಮಾಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳಲ್ಲಿದೆ. ರಕ್ತದ ಬಿಳಿ ಕಣಗಳಲ್ಲಿ ಇವುಗಳ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ವೈರಸ್ ಎದುರಾದಾಗ ಬೇರೆ ಕೋಶಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಇಂಟರ್‌ಫೆರಾನ್ ಸುರಿಸುವುದು ಇವೇ ಎಂದು 1999ರಲ್ಲಿ ಖಚಿತವಾಯಿತು. ಇವುಗಳಲ್ಲಿ ಟಿಎಲ್‌ಆರ್-7 ಹೇರಳವಾಗಿದೆ. ಐಆರ್‌ಎಫ್-7 ಸಹ ಮೊದಲೇ ದಾಸ್ತಾನಿರುತ್ತದೆ, ಹಾಗಾಗಿ ಇವುಗಳ ಪ್ರತಿಕ್ರಿಯೆ ತ್ವರಿತ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸಾರ್ಸ್-ಕೋವ್-2 ಈ ಕೋಶಗಳಲ್ಲಿ ವೃದ್ಧಿಯಾಗುವುದಿಲ್ಲ. ಇವು ವೈರಸ್ ಕಣಗಳನ್ನು ನುಂಗಿ, ಎಂಡೋಸೋಮಿನಲ್ಲಿ ಅದರ ಆರ್‌ಎನ್‌ಎಯನ್ನು ಓದುತ್ತವೆ. ವೈರಸ್ ತನ್ನ ಎನ್‌ಎಸ್‌ಪಿ-1 ಅನ್ನಾಗಲಿ ಓಆರ್‌ಎಫ್-6 ಅನ್ನಾಗಲಿ ತಯಾರಿಸಲು ಅಲ್ಲಿ ಆಸ್ಪದವೇ ಇಲ್ಲ. ಮನೆಯೊಳಗೆ ನುಗ್ಗಿದ ಕಳ್ಳ ಮನೆಯವರ ಬಾಯಿ ಕಟ್ಟಬಹುದು, ಬೀದಿಯಲ್ಲಿ ನಿಂತು ನೋಡುತ್ತಿರುವವರ ಬಾಯಿ ಕಟ್ಟುವುದು ಅವನಿಂದಾಗದು. ಜನ್ಮತಃ ಐರಾಕ್-4 ಅಥವಾ ಅನ್‌ಕ್-93ಬಿ-1 ಇಲ್ಲದ ವ್ಯಕ್ತಿಗಳ ಪ್ಲಾಸ್ಮಾಸೈಟಾಯ್ಡ್ ಕೋಶಗಳು ಈ ವೈರಸ್ಸಿಗೆ ಸರಿಯಾಗಿ ಪ್ರತಿಕ್ರಿಯಿಸುವುದಿಲ್ಲವೆಂದು 2021ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಸಂಕೇತ ಸಾಗುವುದು ಎಂಡೋಸೋಮಿನ ದಾರಿಯಲ್ಲೇ ಎಂಬುದು ಅದರಿಂದ ಗಟ್ಟಿಯಾಯಿತು.

ಹೀಗೆ ನೋಡಿದಾಗ ನಾಲ್ವರು ಸಹೋದರರಲ್ಲಿ ಆದದ್ದನ್ನು ಕಾಲಕ್ರಮದಲ್ಲಿ ಜೋಡಿಸಬಹುದು. ಮೊದಲ ಕೆಲವು ದಿನಗಳಲ್ಲಿ ಶ್ವಾಸನಾಳದ ಕೋಶಗಳನ್ನು ವೈರಸ್ ಮೌನವಾಗಿಸಿತು; ಹೊರಗಿನಿಂದ ಎಚ್ಚರಿಕೆ ನೀಡಬೇಕಿದ್ದ ಪ್ಲಾಸ್ಮಾಸೈಟಾಯ್ಡ್ ಕೋಶಗಳು ವೈರಸ್ಸನ್ನು ನುಂಗಿದರೂ ಅದನ್ನು ಓದಲಾರದೆ ಹೋದವು; ಇಂಟರ್‌ಫೆರಾನ್ ಸಾಕಷ್ಟು ಹುಟ್ಟದೆ ವೈರಸ್ ಶ್ವಾಸಕೋಶದ ಆಳಕ್ಕೆ ಹರಡಿತು; ಆ ಮೇಲೆ ಎಚ್ಚೆತ್ತ ಉರಿಯೂತ, ಅಷ್ಟರಲ್ಲಿ ಹಾನಿಗೊಂಡಿದ್ದ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟು ಕೊಟ್ಟಿತು. ಇದು ಹಲವು ಅಧ್ಯಯನಗಳಿಂದ ಕೂಡಿಸಿದ ಚಿತ್ರವೇ ಹೊರತು ಆ ನಾಲ್ವರ ಶ್ವಾಸಕೋಶದಲ್ಲಿ ದಿನದಿನವೂ ಅಳೆದು ನೋಡಿದ್ದಲ್ಲ.

ನಾಲ್ಕೇ ಜನರ ವರದಿಯಿಂದ ಸಾಮಾನ್ಯ ನಿಯಮ ಹೊರಡಿಸುವುದು ಸರಿಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಉತ್ತರ 2021ರ ಆಗಸ್ಟ್‌ನಲ್ಲಿ ‘ಸೈನ್ಸ್ ಇಮ್ಯುನಾಲಜಿ’ ಪತ್ರಿಕೆಯಲ್ಲಿ ಬಂತು. ಕಾರಣ ತಿಳಿಯದ ಪ್ರಾಣಾಪಾಯದ ಕೋವಿಡ್ ನ್ಯುಮೋನಿಯಾ ಇದ್ದ 1,202 ಗಂಡಸರನ್ನು ಪರೀಕ್ಷಿಸಿದಾಗ, ಪರಸ್ಪರ ಸಂಬಂಧವಿಲ್ಲದ 16 ಮಂದಿಯಲ್ಲಿ ಟಿಎಲ್‌ಆರ್-7 ಅನ್ನು ಕೆಡಿಸುವ ಬದಲಾವಣೆಗಳು ಸಿಕ್ಕವು. ಸೋಂಕು ತಗುಲಿದರೂ ಲಕ್ಷಣವಿಲ್ಲದೆ ಅಥವಾ ಸೌಮ್ಯವಾಗಿ ಪಾರಾದ 331 ಗಂಡಸರಲ್ಲಿ ಒಬ್ಬರಲ್ಲೂ ಸಿಗಲಿಲ್ಲ. ಅರವತ್ತು ವರ್ಷದೊಳಗಿನ, ತೀರಾ ಗಂಭೀರ ಸ್ಥಿತಿಗೆ ತಲುಪಿದ ಗಂಡಸರಲ್ಲಿ ಸುಮಾರು ಶೇಕಡಾ 1.8ರಷ್ಟು ಜನರಿಗೆ ಇದೇ ಕಾರಣವೆಂದು ಅಂದಾಜಾಯಿತು. ರೋಗಿಗಳ ಕೋಶಗಳಿಗೆ ಸರಿಯಾದ ಟಿಎಲ್‌ಆರ್-7 ಸೇರಿಸಿದಾಗ ಪ್ರತಿಕ್ರಿಯೆ ಮರಳಿತು. ಅದೇ ಅಧ್ಯಯನದಲ್ಲಿ, ಅದೇ ದೋಷವಿದ್ದು ಸೋಂಕಿತರಾದ ಐವರು ಗಂಡು ಸಂಬಂಧಿಕರ ಪೈಕಿ ಇಬ್ಬರಿಗೆ, ಅಂದರೆ ಐದು ವರ್ಷದ ಒಬ್ಬ ಹುಡುಗನಿಗೆ ಮತ್ತು 38 ವರ್ಷದ ಒಬ್ಬರಿಗೆ, ಹೆಚ್ಚೇನೂ ಆಗಲಿಲ್ಲ ಎಂಬುದೂ ಇದೆ. ಹೀಗಾಗಿ ದೋಷವಿದ್ದವರೆಲ್ಲ ಖಂಡಿತ ಐಸಿಯು ಸೇರುತ್ತಾರೆಂದು ಭಾವಿಸುವಂತಿಲ್ಲ. ಅಪಾಯ ಮಾತ್ರ ಬಹಳ ಹೆಚ್ಚು.

ಇಂಟರ್‌ಫೆರಾನ್ ಕೊರತೆಯೇ ಮೂಲವೆಂಬ ವಾದಕ್ಕೆ ಪೂರ್ತಿ ಬೇರೆ ದಿಕ್ಕಿನಿಂದಲೂ ಬೆಂಬಲ ಬಂತು. 2020ರಲ್ಲೇ ಜೀನ್-ಲೋರಾನ್ ಕಸನೋವಾ ಅವರ ತಂಡ, ಪ್ರಾಣಾಪಾಯದ ಕೋವಿಡ್ ಇದ್ದ 987 ಜನರಲ್ಲಿ 101 ಮಂದಿಯ ರಕ್ತದಲ್ಲಿ ಅವರದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳನ್ನು ಕಂಡಿತು. ಸೌಮ್ಯ ಸೋಂಕಿನ 663 ಜನರಲ್ಲಿ ಒಬ್ಬರಲ್ಲೂ ಅವು ಇರಲಿಲ್ಲ. ಒಂದೆಡೆ ಗುರುತಿಸುವ ಗ್ರಾಹಕವೇ ಇಲ್ಲ, ಇನ್ನೊಂದೆಡೆ ಗುರುತಿಸಿ ಹೊರಡಿಸಿದ ಇಂಟರ್‌ಫೆರಾನ್ ದಾರಿಯಲ್ಲೇ ನಾಶವಾಗುತ್ತಿದೆ. ಎರಡರ ಪರಿಣಾಮವೂ ಒಂದೇ ಬಗೆಯ ನ್ಯುಮೋನಿಯಾ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೊಂದಿದೆ. ಈ ಯುವಕರು ಹುಟ್ಟಿನಿಂದಲೂ ಟಿಎಲ್‌ಆರ್-7 ಇಲ್ಲದೆ ಬದುಕಿದ್ದರು. ನೆಗಡಿ, ಫ್ಲೂ, ಬಾಲ್ಯದ ಇತರ ವೈರಸ್ ಜ್ವರಗಳನ್ನೆಲ್ಲ ದಾಟಿ ದೊಡ್ಡ ಕಾಯಿಲೆಯಿಲ್ಲದೆ ಬೆಳೆದಿದ್ದರು. ಅದೇ ದಾರಿಯಲ್ಲಿ ಮುಂದಿರುವ ಐಆರ್‌ಎಫ್-7 ಇಲ್ಲದ ಒಂದು ಮಗುವಿಗೆ ಫ್ಲೂ ಪ್ರಾಣಾಪಾಯ ತಂದಿದ್ದು 2015ರಲ್ಲಿ ವರದಿಯಾಗಿತ್ತು. ಐಆರ್‌ಎಫ್-7 ಹಲವು ಗ್ರಾಹಕಗಳ ಸಂಕೇತಗಳು ಕೂಡುವ ಜಾಗ, ಅದು ಹೋದರೆ ನಷ್ಟ ದೊಡ್ಡದು. ಟಿಎಲ್‌ಆರ್-7 ಒಂದೇ ಹೋದಾಗ ಹಳೆಯ ವೈರಸ್ಸುಗಳ ಎದುರು ಉಳಿದ ಗ್ರಾಹಕಗಳೂ ತಾಯಿಯಿಂದ ಬಂದ ಮತ್ತು ಬಾಲ್ಯದಲ್ಲೇ ಗಳಿಸಿದ ಪ್ರತಿಕಾಯಗಳೂ ಕೊರತೆಯನ್ನು ತುಂಬಿಕೊಟ್ಟಿರಬೇಕು. ಯಾರ ದೇಹಕ್ಕೂ ಪರಿಚಯವಿಲ್ಲದ, ಒಳಗಿನ ತಪಾಸಣೆಯನ್ನು ಸಮರ್ಥವಾಗಿ ಮೌನಗೊಳಿಸುವ ವೈರಸ್ಸೊಂದು ಬಂದಾಗಷ್ಟೇ ಆ ಒಂದು ಗ್ರಾಹಕಕ್ಕೆ ಬದಲಿ ಇಲ್ಲವೆಂಬುದು ಹೊರಬಿತ್ತು.

ಹಾಗೆಂದು ಈ ಗ್ರಾಹಕ ಹೆಚ್ಚು ಚುರುಕಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಹೆಂಗಸರಲ್ಲಿ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದು ಸಾಮಾನ್ಯವಾಗಿ ಮುಚ್ಚಿರುತ್ತದೆ. ಆದರೆ ಟಿಎಲ್‌ಆರ್-7 ಕೆಲವು ರೋಗನಿರೋಧಕ ಕೋಶಗಳಲ್ಲಿ ಆ ಮುಚ್ಚುವಿಕೆಯಿಂದ ತಪ್ಪಿಸಿಕೊಂಡು ಎರಡೂ ಪ್ರತಿಗಳಿಂದ ಕೆಲಸ ಮಾಡುತ್ತದೆ. ಸ್ವಂತ ದೇಹದ ಮೇಲೆ ದಾಳಿ ನಡೆಯುವ ಲೂಪಸ್ ಕಾಯಿಲೆ ಹೆಂಗಸರಲ್ಲಿ ಬಹುಪಾಲು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ಎಣಿಸುತ್ತಾರೆ. ಟಿಎಲ್‌ಆರ್-7 ಅತಿಯಾಗಿ ಚುರುಕಾಗುವ ಒಂದಕ್ಷರದ ಬದಲಾವಣೆಯೇ ಮಗುವೊಂದರ ಲೂಪಸ್‌ಗೆ ಕಾರಣವೆಂದು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಡೋಸೋಮಿನ ಆಮ್ಲೀಯತೆಯನ್ನು ತಗ್ಗಿಸಿ ಈ ಗ್ರಾಹಕದ ಕೆಲಸವನ್ನು ಕುಗ್ಗಿಸುತ್ತದೆ. 2020ರಲ್ಲಿ ಅದೇ ಮಾತ್ರೆಯನ್ನು ಕೋವಿಡ್‌ಗೆ ವ್ಯಾಪಕವಾಗಿ ಬಳಸಲಾಯಿತು. ದೊಡ್ಡ ಪ್ರಯೋಗಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಚಿಕಿತ್ಸೆಯ ದೃಷ್ಟಿಯಿಂದ ಈ ಪ್ರಕರಣ ಎತ್ತಿಹಿಡಿದ ಅಂಶ ಸಮಯ. ಆಸ್ಪತ್ರೆ ಸೇರಿದವರಿಗೆ ಬೀಟಾ ಇಂಟರ್‌ಫೆರಾನ್ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯ ‘ಸಾಲಿಡಾರಿಟಿ’ ಪ್ರಯೋಗದಲ್ಲಿ ಸಾವು ಕಡಿಮೆಯಾಗಲಿಲ್ಲ. ಅಷ್ಟು ಹೊತ್ತಿಗೆ ಕಾಯಿಲೆಯನ್ನು ನಡೆಸುತ್ತಿದ್ದುದು ಉರಿಯೂತ. ಲಕ್ಷಣ ಕಾಣಿಸಿದ ಏಳು ದಿನಗಳೊಳಗೆ ಲ್ಯಾಮ್ಡಾ ಇಂಟರ್‌ಫೆರಾನಿನ ಒಂದೇ ಚುಚ್ಚುಮದ್ದು ಕೊಟ್ಟ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪತ್ರೆ ಸೇರಬೇಕಾದವರ ಅಥವಾ ತುರ್ತು ಚಿಕಿತ್ಸಾ ಘಟಕದಲ್ಲಿ ದೀರ್ಘಕಾಲ ಉಳಿಯಬೇಕಾದವರ ಪ್ರಮಾಣ ಶೇಕಡಾ 5.6ರಿಂದ 2.7ಕ್ಕೆ ಇಳಿಯಿತು. ಭಾರತದಲ್ಲಿ ಝೈಡಸ್ ಕಂಪನಿಯ ಆಲ್ಫಾ ಇಂಟರ್‌ಫೆರಾನಿಗೆ 2021ರ ಏಪ್ರಿಲ್‌ನಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತ್ತು. ಟಿಎಲ್‌ಆರ್-7 ದೋಷವಿರುವ ಮನೆಗಳಲ್ಲಿ ತಾಯಿಯ ಕಡೆಯ ಗಂಡು ಸಂಬಂಧಿಕರನ್ನು, ಅಂದರೆ ಸೋದರರು, ಸೋದರಮಾವಂದಿರು ಮತ್ತು ಚಿಕ್ಕಮ್ಮ-ದೊಡ್ಡಮ್ಮಂದಿರ ಗಂಡುಮಕ್ಕಳನ್ನು ಪರೀಕ್ಷಿಸಿ, ದೋಷವಿರುವವರಿಗೆ ಲಸಿಕೆಯನ್ನು ಖಚಿತಪಡಿಸಿ, ಸೋಂಕು ತಗುಲಿದರೆ ಜ್ವರ ಇಳಿಯಲೆಂದು ಕಾಯದೆ ಮೊದಲ ದಿನಗಳಲ್ಲೇ ವೈದ್ಯರನ್ನು ಕಾಣುವಂತೆ ಹೇಳಬಹುದು.